ಎರಡನೇ ರೌಟರ್ ಹಾಕಿದ ಮೇಲೆ ಕೆಲವು ಕಂಪ್ಯೂಟರ್‌ಗಳಿಗೆ ಇಂಟರ್ನೆಟ್ ಏಕೆ ಬರುವುದಿಲ್ಲ?

ಪ್ರಶ್ನೆ: ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ವೈಫೈಗಾಗಿ ಇನ್ನೊಂದು ರೌಟರ್ ಜೋಡಿಸಿದೆವು. ಅಂದಿನಿಂದ ಕೆಲವು ಕಂಪ್ಯೂಟರ್‌ಗಳಿಗೆ ಇಂಟರ್ನೆಟ್ ಬರುತ್ತದೆ, ಕೆಲವಕ್ಕೆ ಇಲ್ಲ. ಇವತ್ತು ಸರಿಯಿದ್ದದ್ದು ನಾಳೆ ಕೈಕೊಡುತ್ತದೆ. ಎಲ್ಲದಕ್ಕೂ ಐಪಿ ವಿಳಾಸವನ್ನು, ಅಂದರೆ ಜಾಲದಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆಯನ್ನು, ನಾವೇ ಬರೆದುಬಿಡುವುದು ಒಳ್ಳೆಯದಲ್ಲವೇ?

ಉತ್ತರ: ದಯವಿಟ್ಟು ಬರೆಯಬೇಡಿ. ಇವತ್ತಿಗೆ ಕೆಲಸ ನಡೆದರೂ, ಮುಂದೆ ಒಂದೇ ವಿಳಾಸ ಎರಡು ಕಂಪ್ಯೂಟರ್‌ಗಳಿಗೆ ಬಿದ್ದಾಗ ಹುಡುಕುವುದು ಬಹಳ ಕಷ್ಟ. ನಿಮ್ಮ ತೊಂದರೆಯ ಮೂಲ ಬೇರೆ ಇದೆ.

ಆಗತಾನೇ ಚಾಲೂ ಆದ ಕಂಪ್ಯೂಟರ್‌ಗೆ ವಿಳಾಸವಿರುವುದಿಲ್ಲ, ಅದನ್ನು ಯಾರಲ್ಲಿ ಕೇಳಬೇಕೆಂದೂ ತಿಳಿದಿರುವುದಿಲ್ಲ. ಆದ್ದರಿಂದ ಅದು ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ವಿಳಾಸ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿ ಸರ್ವರ್ ಆ ಕೂಗಿಗೆ ಓಗೊಟ್ಟು ಒಂದು ವಿಳಾಸವನ್ನು ಮುಂದಿಡುತ್ತದೆ. ಕಂಪ್ಯೂಟರ್ ಅದನ್ನು ಬೇಡುತ್ತದೆ, ಸರ್ವರ್ ಖಚಿತಪಡಿಸುತ್ತದೆ. ವಿಳಾಸದ ಜೊತೆಗೆ ಗೇಟ್‌ವೇ, ಅಂದರೆ ಇಂಟರ್ನೆಟ್‌ಗೆ ಹೋಗುವ ಬಾಗಿಲು ಯಾವುದೆಂಬುದೂ ಬರುತ್ತದೆ. ನಿಮ್ಮಲ್ಲಿ ಕೆಟ್ಟಿರುವುದು ಇಲ್ಲೇ.

ಮನೆಬಳಕೆಯ ಬಹುತೇಕ ರೌಟರ್‌ಗಳು ಡಿಎಚ್‌ಸಿಪಿ ಸರ್ವರ್ ಚಾಲೂ ಇರುವಂತೆಯೇ ಅಂಗಡಿಯಿಂದ ಬರುತ್ತವೆ. ಈಗ ನಿಮ್ಮ ಜಾಲದಲ್ಲಿ ಎರಡಿವೆ, ಒಂದೇ ಊರಿಗೆ ಇಬ್ಬರು ಶ್ಯಾನುಭೋಗರು ಬೇರೆ ಬೇರೆ ಖಾತೆ ಬರೆದಂತೆ. ಕಂಪ್ಯೂಟರ್ ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನು ಒಪ್ಪಿಕೊಳ್ಳುತ್ತದೆ. 1997ರಲ್ಲಿ ಪ್ರಕಟವಾಗಿ ಇಂದಿಗೂ ಬಳಕೆಯಲ್ಲಿರುವ ಡಿಎಚ್‌ಸಿಪಿಯ ನಿಯಮಾವಳಿಯಲ್ಲಿ, ಉತ್ತರಿಸಿದ ಸರ್ವರ್ ಅಸಲಿಯೇ ಎಂದು ಪರೀಕ್ಷಿಸುವ ಏರ್ಪಾಡಿಲ್ಲ. ಹೊಸ ರೌಟರ್ ಮೊದಲು ಉತ್ತರಿಸಿದರೆ ಅದು ತನ್ನನ್ನೇ ಗೇಟ್‌ವೇ ಎಂದು ಹೇಳಿಕೊಳ್ಳುತ್ತದೆ. ಅದರ ಹಿಂದೆ ಇಂಟರ್ನೆಟ್ ಇಲ್ಲ. ಯಾವ ಕಂಪ್ಯೂಟರ್ ಕೈಕೊಡುತ್ತದೆ ಎಂಬುದು ದಿನದಿನಕ್ಕೆ ಬದಲಾಗುವುದು ಇದರಿಂದಲೇ.

ಖಚಿತಪಡಿಸಿಕೊಳ್ಳಲು, ತೊಂದರೆಯಿರುವ ಕಂಪ್ಯೂಟರ್‌ನ ನೆಟ್‌ವರ್ಕ್ ವಿವರಗಳಲ್ಲಿ ಡಿಎಚ್‌ಸಿಪಿ ಸರ್ವರ್‌ನ ವಿಳಾಸ ನೋಡಿ, ಸರಿಯಿರುವುದರೊಂದಿಗೆ ಹೋಲಿಸಿ. ಬೇರೆಯಾಗಿದ್ದರೆ ರೋಗ ಇದೇ. ಕಂಪ್ಯೂಟರ್‌ನ ವಿಳಾಸವೇ 169.254 ಎಂದು ಶುರುವಾಗಿದ್ದರೆ ಕಥೆ ಬೇರೆ: ಯಾವ ಸರ್ವರ್ ಕೂಡ ಉತ್ತರಿಸಿಲ್ಲ, ಕೇಬಲ್ ಅಥವಾ ಕೇಬಲ್‌ಗಳನ್ನು ಕೂಡಿಸುವ ಸ್ವಿಚ್ ಪೆಟ್ಟಿಗೆಯನ್ನು ನೋಡಬೇಕು.

ಪರಿಹಾರಕ್ಕೆ ಹೊಸ ರೌಟರನ್ನು ಜಾಲದಿಂದ ಬಿಡಿಸಿ, ಒಂದೇ ಒಂದು ಕಂಪ್ಯೂಟರ್‌ಗೆ ಜೋಡಿಸಿ. ಹಳೆಯದು 192.168.1.1 ಆಗಿದ್ದರೆ ಹೊಸದರ ಲ್ಯಾನ್ (ಒಳಜಾಲದ) ವಿಳಾಸವನ್ನು 192.168.1.2 ಮಾಡಿ. ಆಮೇಲೆ ಅದರ ಡಿಎಚ್‌ಸಿಪಿ ಸರ್ವರ್ ನಿಲ್ಲಿಸಿ. ಈ ಕ್ರಮ ತಪ್ಪಿಸಬೇಡಿ, ಮೊದಲೇ ನಿಲ್ಲಿಸಿದರೆ ಆ ರೌಟರ್‌ನ ಸೆಟ್ಟಿಂಗ್ ಪುಟವನ್ನು ಮತ್ತೆ ತೆರೆಯಲು ಪರದಾಡಬೇಕಾಗುತ್ತದೆ. ಬಳಿಕ ಹಳೆಯ ರೌಟರ್‌ನಿಂದ ಬರುವ ಕೇಬಲನ್ನು ಹೊಸದರ ಲ್ಯಾನ್ ಕಿಂಡಿಗೇ ಹಾಕಿ, ಹೊರಗಿನ ಇಂಟರ್ನೆಟ್‌ಗೆಂದಿರುವ ವ್ಯಾನ್ ಕಿಂಡಿಗೆ ಅಲ್ಲ.

ಹಳೆಯ ರೌಟರ್‌ನಲ್ಲಿ ಹಂಚುವ ವಿಳಾಸಗಳನ್ನು 192.168.1.100ರಿಂದ 200ರವರೆಗೆ ಎಂದು ಗೊತ್ತುಮಾಡಿ. ಅದಕ್ಕಿಂತ ಕೆಳಗಿನವು ರೌಟರ್‌ಗಳಿಗೆ ಮತ್ತು ವಿಳಾಸ ಬದಲಾಗಬಾರದ ಪ್ರಿಂಟರ್‌ನಂಥವಕ್ಕೆ ಉಳಿಯಲಿ. ಪ್ರಿಂಟರ್‌ಗೂ ನೀವು ವಿಳಾಸ ಬರೆಯಬೇಕಿಲ್ಲ. ಅದರ ಮ್ಯಾಕ್ ವಿಳಾಸವನ್ನು, ಅಂದರೆ ತಯಾರಿಸುವಾಗಲೇ ಕೊಟ್ಟ ಗುರುತಿನ ಸಂಖ್ಯೆಯನ್ನು, ರೌಟರ್‌ನಲ್ಲಿ ದಾಖಲಿಸಿ ಒಂದು ಐಪಿ ಕಾಯ್ದಿರಿಸಿದರೆ ಲೆಕ್ಕವೆಲ್ಲ ಒಂದೇ ಕಡೆ ಇರುತ್ತದೆ. ಮೊಬೈಲ್‌ಗೆ ಹೀಗೆ ಕಾಯ್ದಿರಿಸಲು ಹೋಗಬೇಡಿ, ಈಗಿನ ಫೋನುಗಳು ವೈಫೈಗೆ ತೋರಿಸುವ ಮ್ಯಾಕ್ ಅವುಗಳ ನಿಜವಾದ ಮ್ಯಾಕ್ ಅಲ್ಲದಿರಬಹುದು.

ಬಂದುಹೋಗುವವರ ಫೋನುಗಳೂ ವೈಫೈಗೆ ಸೇರುತ್ತವೆಯಾದರೆ ಒಮ್ಮೆ ಕೊಟ್ಟ ವಿಳಾಸ ಉಳಿಯುವ ಅವಧಿಯನ್ನು ಹಳೆಯ ರೌಟರ್‌ನಲ್ಲಿ ಒಂದೆರಡು ಗಂಟೆಗೆ ಇಳಿಸಿ. ಇಡೀ ದಿನದ ಅವಧಿಯಿದ್ದರೆ ಹೊರಟುಹೋದ ಫೋನುಗಳೂ ವಿಳಾಸ ಹಿಡಿದುಕೊಂಡೇ ಇರುತ್ತವೆ.

ಇಷ್ಟಾದರೂ ಹಳೆಯ ತಪ್ಪು ವಿಳಾಸ ಕೆಲವು ಕಂಪ್ಯೂಟರ್‌ಗಳಲ್ಲಿ ಉಳಿದಿರಬಹುದು. ಅಂಥವುಗಳ ನೆಟ್‌ವರ್ಕ್ ಕೇಬಲ್ ಕಿತ್ತು ಮತ್ತೆ ಹಾಕಿ ಅಥವಾ ಅವನ್ನು ಒಮ್ಮೆ ಮರುಚಾಲನೆ ಮಾಡಿ.