ಕೊರಿಂಥದ ಊಟ, ಇಬ್ರಿಯರ ಕಷ್ಟ: ವಿಶ್ವಾಸಿಗಳಿಗೂ ತೀರ್ಪು ಇದೆಯಾ?

ಕ್ರಿಸ್ತನಲ್ಲಿ ಇರುವವರಿಗೆ ಅಪರಾಧನಿರ್ಣಯ ಇಲ್ಲ ಅಂತ ಬೈಬಲಿನ ರೋಮಾಪುರದವರಿಗೆ ಬರೆದ ಪತ್ರದಲ್ಲಿ (8:1) ಅಪೊಸ್ತಲ ಪೌಲ ಬರೆಯುತ್ತಾನೆ. ಅದೇ ಪೌಲ ಗ್ರೀಸಿನ ಕೊರಿಂಥ ಪಟ್ಟಣದ ಸಭೆಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ, ನಿಮ್ಮಲ್ಲಿ ಬಹಳ ಜನ ಕಾಯಿಲೆ ಬಿದ್ದಿದ್ದಾರೆ, ಕೆಲವರು ಸತ್ತೂ ಹೋಗಿದ್ದಾರೆ, ಇದು ಕರ್ತನ ತೀರ್ಪು ಅನ್ನುತ್ತಾನೆ. ಎರಡೂ ಹೇಗೆ ಕೂಡುತ್ತವೆ?

ಮೊದಲು ಕೊರಿಂಥದಲ್ಲಿ ಏನಾಗಿತ್ತು ನೋಡೋಣ. ಪತ್ರ ಬರೆದದ್ದು ಸುಮಾರು ಕ್ರಿ.ಶ. 54-55ರಲ್ಲಿ. ಆಗ ಚರ್ಚ್ ಕಟ್ಟಡ ಇರಲಿಲ್ಲ. ಸಭೆ ಸೇರುತ್ತಿದ್ದದ್ದು ಯಾರದ್ದಾದರೂ ಮನೆಯಲ್ಲಿ. ಯೇಸುವಿನ ಮರಣದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ನಿಜವಾದ ಊಟದ ಜೊತೆಗೇ ನಡೆಯುತ್ತಿತ್ತು. ಉಳ್ಳವರು ತಾವು ತಂದದ್ದನ್ನು ತಾವೇ ಮೊದಲು ಮುಗಿಸಿಬಿಡುತ್ತಿದ್ದರು. ಒಬ್ಬನಿಗೆ ಹೊಟ್ಟೆ ಹಸಿವು, ಇನ್ನೊಬ್ಬನಿಗೆ ಕುಡಿದ ಅಮಲು (11:21). ಪಂಕ್ತಿಭೇದ ನಮಗೇನೂ ಹೊಸದಲ್ಲ ಬಿಡಿ. ಪೌಲ ಸಿಟ್ಟಾದದ್ದು ಇದಕ್ಕೇ. ಅವನು ಕೊಡುವ ಮದ್ದೂ ಅಷ್ಟೇ ಸರಳ: ಒಬ್ಬರಿಗೊಬ್ಬರು ಕಾಯಿರಿ, ತೀರಾ ಹಸಿವಾದರೆ ಮನೆಯಲ್ಲೇ ತಿಂದು ಬನ್ನಿ.

ಪ್ರಶ್ನೆಗೆ ಉತ್ತರ 32ನೇ ವಚನದಲ್ಲಿದೆ. ಲೋಕದ ಜೊತೆ ನಮಗೂ ದಂಡನೆ ಆಗಬಾರದು ಅಂತಲೇ ಕರ್ತನು ಈಗ ನಮ್ಮನ್ನು ಶಿಕ್ಷಿಸುತ್ತಾನೆ. ಅಂದರೆ ಈ ತೀರ್ಪು ಕೊನೆಯ ತೀರ್ಪಲ್ಲ, ಅದನ್ನು ತಪ್ಪಿಸಲು ಬಂದದ್ದು. ಇನ್ನೊಂದು ವಿಷಯ ಸುಲಭವಾಗಿ ಕಣ್ತಪ್ಪುತ್ತದೆ. ಮೊದಲು ತಿಂದವರೇ ಕಾಯಿಲೆ ಬಿದ್ದರು ಅಂತ ಪೌಲ ಎಲ್ಲೂ ಹೇಳುವುದಿಲ್ಲ. ಅವನು ಮಾತಾಡುವುದು ಇಡೀ ಸಭೆಯ ಬಗ್ಗೆ. ಹಾಗಾಗಿ ಆಸ್ಪತ್ರೆಯಲ್ಲಿರುವವರ ಪಕ್ಕ ನಿಂತು ‘ಏನೋ ಪಾಪ ಮಾಡಿರಬೇಕು’ ಅನ್ನಲು ಈ ವಚನವನ್ನು ಎಳೆದು ತರುವುದು ತಪ್ಪು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇದನ್ನೇ ಕೇಳಿದಾಗ ಯೇಸು ಒಪ್ಪಲಿಲ್ಲ (ಯೋಹಾನ 9:3).

ಸಭೆಗಳ ನಡುವೆ ಒಮ್ಮತ ಇಲ್ಲದಿರುವುದು ಕ್ಷಮೆ ಆದಮೇಲೂ ಶಿಕ್ಷೆ ಉಳಿಯುತ್ತದಾ ಅನ್ನುವ ಕಡೆ. ಇನ್ನೊಬ್ಬನ ಹೆಂಡತಿಯೊಡನೆ ವ್ಯಭಿಚಾರ ಮಾಡಿ ಅವಳ ಗಂಡನನ್ನು ಕೊಲ್ಲಿಸಿದ ಅರಸ ದಾವೀದನಿಗೆ ಪಾಪಕ್ಷಮೆ ಆಯಿತು ಅಂತ ಪ್ರವಾದಿ ನಾತಾನ ಹೇಳಿದ, ಆದರೂ ಅವಳಲ್ಲಿ ಹುಟ್ಟಿದ ಮಗು ಸತ್ತಿತು (2 ಸಮುವೇಲ 12). ಪಾಪದ ದೋಷ ಹೋದರೂ ತಾತ್ಕಾಲಿಕ ಶಿಕ್ಷೆ ಉಳಿಯಬಹುದು ಅನ್ನುವುದು ಕಥೋಲಿಕರ ಬೋಧನೆ. ಸತ್ತ ಮೇಲೆ, ಸ್ವರ್ಗ ಸೇರುವ ಮುಂಚೆ ಆತ್ಮ ಶುದ್ಧವಾಗುವ ‘ಶುದ್ಧೀಕರಣ ಸ್ಥಳ’ದ ಬೋಧನೆಗೂ ಇದಕ್ಕೂ ನಂಟಿದೆ. ಆ ಬೋಧನೆಯನ್ನು 1563ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಮತ್ತೆ ದೃಢಪಡಿಸಿತು. ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಕ್ಷಮೆಯ ಮೇಲೂ ಶಿಕ್ಷೆ ಉಳಿಯುತ್ತದೆ ಅನ್ನುವುದನ್ನು ಒಪ್ಪುವುದಿಲ್ಲ. ಸೇಡಿನ ತೀರ್ಪು ಬೇರೆ, ತಿದ್ದುವ ತೀರ್ಪು ಬೇರೆ, ವಿಶ್ವಾಸಿಗೆ ಬರುವುದು ಎರಡನೆಯದು ಮಾತ್ರ ಅನ್ನುತ್ತಾನೆ. ದಾವೀದನ ಕಥೆಯಲ್ಲಿ ಅವನಿಗೆ ಕಾಣುವುದು ಬಾಕಿ ಸಾಲದ ವಸೂಲಿಯಲ್ಲ, ಮುಂದಿನ ನಡತೆಗೆ ಎಚ್ಚರಿಕೆ. ನನಗೆ ಕ್ಯಾಲ್ವಿನ್ ವಾದವೇ 32ನೇ ವಚನಕ್ಕೆ ಜಾಸ್ತಿ ಹತ್ತಿರ ಅನಿಸುತ್ತದೆ. ಆದರೆ ಸತ್ತ ಆ ಮಗುವಿನ ಬಗ್ಗೆ ಎರಡೂ ಕಡೆಯವರ ಉತ್ತರ ಸಮಾಧಾನ ಕೊಡುವುದಿಲ್ಲ.

ಬೈಬಲಿನ ಇನ್ನೊಂದು ಪತ್ರವಾದ ಇಬ್ರಿಯರಿಗೆ, ಅದರ 12ನೇ ಅಧ್ಯಾಯವನ್ನು ಇದರ ಜೊತೆ ಸುಮ್ನೆ ಕಲಸಬೇಡಿ. ‘ಕರ್ತನು ತಾನು ಪ್ರೀತಿಸುವವನನ್ನು ಶಿಕ್ಷಿಸುತ್ತಾನೆ’ ಅನ್ನುವ, ಜ್ಞಾನೋಕ್ತಿ ಪುಸ್ತಕದ ಮಾತು ಅಲ್ಲಿ ಬರುತ್ತದೆ, ನಿಜ. ಆದರೆ ಆ ಓದುಗರು ಊಟದ ಮನೆಯಲ್ಲಿ ತಪ್ಪು ಮಾಡಿದವರಲ್ಲ. ನಂಬಿಕೆಗಾಗಿ ಜನರ ಮುಂದೆ ಅವಮಾನ ಪಟ್ಟವರು, ಆಸ್ತಿ ಕಳೆದುಕೊಂಡವರು (10:32-34). ಅವರ ಮೇಲೆ ಯಾವ ನಿರ್ದಿಷ್ಟ ಪಾಪವನ್ನೂ ಲೇಖಕ ಹೊರಿಸಿಲ್ಲ. ಆದರೂ ಆ ಕಷ್ಟವನ್ನು ತಂದೆಯ ಶಿಕ್ಷೆ ಅಂತಲೇ ಕರೆಯುತ್ತಾನೆ.