ಫಿಶ್ ಟ್ಯಾಂಕಿನ ಜಿಡ್ಡಿಗೆ ಒಂದು ಪುಟ್ಟ ಕೋಡಿ

ಪ್ರಶ್ನೆ: ನಮ್ಮದು ಎರಡಡಿ ಉದ್ದದ ಫಿಶ್ ಟ್ಯಾಂಕ್. ಗಪ್ಪಿ, ಟೆಟ್ರಾ, ಒಂದಿಷ್ಟು ಗಿಡ ಇವೆ. ನೀರು ತಿಳಿಯಾಗಿಯೇ ಇದೆ. ಆದರೆ ಮೇಲ್ಗಡೆ ಎಣ್ಣೆ ಚೆಲ್ಲಿದ ಹಾಗೆ ಪದರ ಕಟ್ಟುತ್ತದೆ. ನೀರು ಬದಲಾಯಿಸಿದರೂ ಎರಡೇ ದಿನಕ್ಕೆ ಮತ್ತೆ ಹಾಜರ್. ಓವರ್‌ಫ್ಲೋ ಬಾಕ್ಸ್ (ಮೇಲ್ಗಡೆಯ ನೀರು ಅಂಚು ದಾಟಿ ಬೀಳುವ ಪೆಟ್ಟಿಗೆ) ಹಾಕಿದರೆ ಹೋಗುತ್ತದಂತೆ. ಮನೆಯಲ್ಲೇ ಮಾಡಿಕೊಳ್ಳಬಹುದಾ? ಗಾಜಿಗೆ ತೂತು ಕೊರೆಯಬೇಕಾ?

ಮಾಡಿಕೊಳ್ಳಬಹುದು. ತೂತು ಬೇಡ. ಅಷ್ಟೇ ಅಲ್ಲ, ನೀರನ್ನು ಟ್ಯಾಂಕಿನಿಂದ ಹೊರಗೆ ತರುವ ಯಾವ ಏರ್ಪಾಡೂ ಇಷ್ಟು ಚಿಕ್ಕ ಟ್ಯಾಂಕಿಗೆ ಬೇಡ ಅನ್ನುವವನು ನಾನು. ಬಾಕ್ಸ್ ಒಳಗೇ ಇರಲಿ.

ಮೊದಲು ಆ ಪದರದ ವಿಷಯ. ಮೀನಿನ ಆಹಾರದ ಕೊಬ್ಬು, ಕೊಳೆತ ಎಲೆಯಿಂದ ಬಿಡುವ ಪ್ರೋಟೀನು, ದೂಳು, ನಮ್ಮ ಕೈಯ ಜಿಡ್ಡು, ಇವನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾ, ಎಲ್ಲ ಸೇರಿ ಕಟ್ಟುವ ಕೆನೆ ಅದು. ಅಡುಗೆಮನೆ ಪಕ್ಕದಲ್ಲೇ ಟ್ಯಾಂಕ್ ಇಟ್ಟಿದ್ದರೆ ಒಗ್ಗರಣೆ ಹೊಗೆಯೂ ತನ್ನ ಪಾಲು ಕೊಡುತ್ತದೆ. ವಿಷವೇನಲ್ಲ. ಆದರೆ ನೀರಿಗೂ ಗಾಳಿಗೂ ನಡುವೆ ಮುಚ್ಚಳದ ಹಾಗೆ ಕೂತು, ಆಮ್ಲಜನಕ ನೀರಿಗೆ ಇಳಿಯುವುದನ್ನು ನಿಧಾನ ಮಾಡುತ್ತದೆ. ರಾತ್ರಿ ಗಿಡಗಳೂ ಆಮ್ಲಜನಕ ಬಳಸುತ್ತವೆ. ಹಾಗಾಗಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಈ ಕೆನೆಯ ಮೇಲೂ ಅನುಮಾನ ಪಡಬಹುದು.

ಫಿಲ್ಟರ್ ಇದ್ದೂ ಯಾಕೆ ಹೋಗುವುದಿಲ್ಲ? ಫಿಲ್ಟರಿನ ಬಾಯಿ ನೀರಿನ ಒಳಗಿದೆ, ಕೊಳೆ ನೀರಿನ ನೆತ್ತಿಯ ಮೇಲಿದೆ. ನೀವು ನೀರು ಬದಲಾಯಿಸುವಾಗಲೂ ಪೈಪು ತಳದಿಂದಲೇ ಎಳೆಯುತ್ತದೆ. ಕೆನೆ ನೀರಿನ ಜೊತೆ ಕೆಳಗಿಳಿಯುತ್ತದೆ, ಹೊಸ ನೀರು ಹಾಕಿದಾಗ ಅದರ ಜೊತೆಗೇ ಮೇಲೆ ಬರುತ್ತದೆ.

ಗಾಜಿನಂಗಡಿಗೆ ಹೋಗುವ ಮೊದಲು ಒಂದು ವಾರ ಸುಲಭದ ದಾರಿ ನೋಡಿ. ಫಿಲ್ಟರಿನ ನೀರು ಬೀಳುವ ಬಾಯಿಯನ್ನು ಮೇಲ್ಮೈ ಕಲಕುವ ಹಾಗೆ ತಿರುಗಿಸಿ. ಆಹಾರ ಕಮ್ಮಿ ಮಾಡಿ. ಟಿಶ್ಯೂ ಪೇಪರನ್ನು ನೀರಿನ ಮೇಲೆ ಹಾಸಿ ಮೆಲ್ಲಗೆ ಎತ್ತಿ, ಕೆನೆ ಅದಕ್ಕೆ ಅಂಟಿಕೊಂಡು ಬರುತ್ತದೆ. ಇಷ್ಟಕ್ಕೇ ಹೋದರೆ ಬಾಕ್ಸಿನ ವಿಚಾರ ಬಿಟ್ಟುಬಿಡಿ.

ಹೋಗಲಿಲ್ಲ ಅಂದರೆ ಕೆರೆ ಕೋಡಿಯನ್ನು ನೆನಪಿಸಿಕೊಳ್ಳಿ. ಕೆರೆ ತುಂಬಿ ಕೋಡಿ ಬಿದ್ದಾಗ ಮೊದಲು ದಾಟುವುದು ಏನು? ಒಣ ಎಲೆ, ನೊರೆ, ಯಾರದೋ ಒಂಟಿ ಚಪ್ಪಲಿ. ತೇಲುವುದೆಲ್ಲ ಮೊದಲು ಹೋಗುತ್ತದೆ. ಓವರ್‌ಫ್ಲೋ ಬಾಕ್ಸ್ ಅಂದರೆ ಟ್ಯಾಂಕಿನ ಒಂದು ಮೂಲೆಗೆ ಕಟ್ಟಿದ ಕೋಡಿ, ಅಷ್ಟೆ. ಮೂಲೆಯ ಗೋಡೆ ನೀರಿನ ಮಟ್ಟಕ್ಕಿಂತ ಅರ್ಧ ಸೆಂ.ಮೀ. ಕೆಳಗೆ ನಿಲ್ಲುತ್ತದೆ. ಒಳಗೊಂದು ಚಿಕ್ಕ ಪಂಪ್ ಇರುತ್ತದೆ. ಪಂಪ್ ಬಾಕ್ಸಿನ ನೀರನ್ನು ಎತ್ತಿ ಟ್ಯಾಂಕಿನ ಆಚೆ ತುದಿಗೆ ಬಿಡುತ್ತದೆ, ಅಷ್ಟೇ ನೀರು ಮೇಲ್ಮೈಯಿಂದ ಗೋಡೆ ದಾಟಿ ಬಾಕ್ಸಿಗೆ ಬೀಳುತ್ತದೆ. ಕೆನೆ ಅದರ ಜೊತೆ ಬಂದು ಒಳಗಿನ ಸ್ಪಾಂಜಿಗೆ ಸಿಕ್ಕಿಕೊಳ್ಳುತ್ತದೆ.

ಹೊರಗೆ ನೇತುಹಾಕುವ ಬಾಕ್ಸುಗಳೂ ಇವೆ. ಪಿವಿಸಿ ಪೈಪಿನ ಸೈಫನ್, ಅಂದರೆ ನೀರು ತುಂಬಿದ ಬಾಗು ಕೊಳವೆ, ನೀರನ್ನು ಟ್ಯಾಂಕಿನ ಅಂಚು ಹತ್ತಿಸಿ ಕೆಳಗಿನ ಸಂಪಿಗೆ ಇಳಿಸುತ್ತದೆ. (ಸಂಪ್ ಅಂದರೆ ಮನೆ ಮುಂದೆ ನೆಲದಡಿ ಇರುವುದಲ್ಲ, ಟ್ಯಾಂಕಿನ ಕೆಳಗಿಡುವ ಇನ್ನೊಂದು ತೊಟ್ಟಿ.) ದೊಡ್ಡ ಟ್ಯಾಂಕಿಗೆ ಅದು ಒಳ್ಳೆಯದೇ. ಆದರೆ ಸೈಫನ್ನಿನ ನೆತ್ತಿಯಲ್ಲಿ ಗಾಳಿಗುಳ್ಳೆ ಸೇರಿ ಹರಿವು ಕಡಿದರೆ ಕೆಳಗಿನ ಪಂಪಿಗೆ ಅದು ಗೊತ್ತಾಗುವುದಿಲ್ಲ. ಅದು ತನ್ನ ಪಾಡಿಗೆ ನೀರು ಏರಿಸುತ್ತಲೇ ಇರುತ್ತದೆ, ಟ್ಯಾಂಕ್ ತುಂಬಿ ನೆಲಕ್ಕೆ ಸುರಿಯುತ್ತದೆ. ಕರೆಂಟ್ ಹೋದರೆ ಇದರ ಉಲ್ಟಾ. ಪಂಪಿನ ಪೈಪೇ ಸೈಫನ್ ಆಗಿ ಟ್ಯಾಂಕಿನ ನೀರನ್ನು ಕೆಳಗೆ ಎಳೆಯುತ್ತದೆ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಟ್ಯಾಂಕಿನಲ್ಲಿ ಎರಡೇ ಸೆಂ.ಮೀ. ಇಳಿದರೂ 3.6 ಲೀಟರ್. ಅಷ್ಟು ಹಿಡಿಸುವ ಜಾಗ ಸಂಪಿನಲ್ಲಿ ಇರಬೇಕು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬರುವ ಮನೆಯಲ್ಲಿ ಈ ತಲೆನೋವು ಯಾಕೆ? ಒಳಗಿನ ಬಾಕ್ಸಿನಲ್ಲಿ ಪಂಪ್ ನಿಂತರೆ ಬಾಕ್ಸಿಗೂ ಟ್ಯಾಂಕಿಗೂ ನೀರು ಸಮ ಆಗುತ್ತದೆ. ಕರೆಂಟ್ ಬಂದಾಗ ತಾನೇ ಶುರುವಾಗುತ್ತದೆ. ಒಂದು ಹನಿಯೂ ಹೊರಗೆ ಬರುವುದಿಲ್ಲ.

ನನ್ನ ಮೊದಲ ಬಾಕ್ಸ್ ಅಡುಗೆಮನೆಯಿಂದ ಎಗರಿಸಿದ ಅವಲಕ್ಕಿ ಡಬ್ಬ. ಕಾಯಿಸಿದ ಚಾಕುವಿನಿಂದ ಅಂಚಿಗೆ ಸೀಳು ಕೊಯ್ದು, ರಬ್ಬರಿನ ಎರಡು ಸಕ್ಷನ್ ಕಪ್ಪುಗಳಿಂದ ಗಾಜಿಗೆ ಅಂಟಿಸಿದ್ದೆ. ಪಂಪ್ ಹಾಕಿದ ಮೇಲೆ ಹತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ ‘ಪಟ್’ ಅಂತ ಒಂದು ಕಪ್ ಬಿಟ್ಟಿತು. ಡಬ್ಬ ಪಂಪ್ ಸಮೇತ ಓರೆಯಾಗಿ ದೋಣಿಯ ಹಾಗೆ ತೇಲಿತು. ಗಪ್ಪಿಗಳೆಲ್ಲ ಗಿಡದ ಹಿಂದೆ ಓಡಿದವು. ಕೂತು ಲೆಕ್ಕ ಹಾಕಿದೆ. ಡಬ್ಬದ ತಳ 100 ಚದರ ಸೆಂ.ಮೀ. ಒಳಗಿನ ನೀರು ಹೊರಗಿನದಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಸುತ್ತಲಿನ ನೀರು ಅದನ್ನು ಒಂದು ಕಿಲೋ ತೂಕದಷ್ಟು ಮೇಲಕ್ಕೆ ತಳ್ಳುತ್ತದೆ. ಎರಡು ರಬ್ಬರ್ ಕಪ್ಪಿಗೆ ಅದು ಜಾಸ್ತಿಯೇ ಅಲ್ವಾ?

ಅದಕ್ಕೇ ಡಬ್ಬ ಬೇಡ, ತಳವೇ ಇಲ್ಲದ ಬಾಕ್ಸ್ ಮಾಡಿ. ಟ್ಯಾಂಕಿನ ಹಿಂದಿನ ಒಂದು ಮೂಲೆ ತಗೊಳ್ಳಿ. ಎರಡು ಗೋಡೆ, ತಳ ಟ್ಯಾಂಕಿನದೇ ಇದೆ. ಇನ್ನೆರಡು ಗೋಡೆ ನಿಲ್ಲಿಸಿದರೆ ಆಯಿತು. ತೇಲುವ ಮಾತೇ ಇಲ್ಲ. 30 ಸೆಂ.ಮೀ. ಎತ್ತರದ ಟ್ಯಾಂಕಿಗೆ 4 ಮಿ.ಮೀ. ಗಾಜಿನ ಎರಡು ಪಟ್ಟಿ ಸಾಕು: ಅಗಲ ಒಂದು 12, ಇನ್ನೊಂದು 9 ಸೆಂ.ಮೀ., ಎತ್ತರ ಎರಡಕ್ಕೂ 25. ಅಂಚು ಉಜ್ಜಿ ಕೊಡಿ ಅಂತ ಗಾಜಿನಂಗಡಿಯವರಿಗೆ ಹೇಳಿ. ಅಲ್ಲೇ ಇನ್ನೊಂದು ಕೆಲಸ ಮಾಡಿಸಿಕೊಳ್ಳಿ. ಒಂದು ಪಟ್ಟಿಯ ಒಂದು ಕೆಳಮೂಲೆಯನ್ನು, ಮೂಲೆಯಿಂದ ಎರಡೂ ಅಂಚಿಗೆ 13 ಮಿ.ಮೀ. ಬರುವ ಹಾಗೆ ತ್ರಿಕೋನವಾಗಿ ಕತ್ತರಿಸಲಿ. ಇದು ಪಂಪಿನ ಜೀವ ಉಳಿಸುವ ಕಿಂಡಿ, ಮುಂದೆ ಹೇಳುತ್ತೇನೆ.

ಅಂಟಿಸುವುದಕ್ಕೆ ಸಿಲಿಕಾನ್. ವಿನೆಗರ್ ವಾಸನೆ ಬರುವ, ಅಕ್ವೇರಿಯಂಗೆ ಅಂತಲೇ ಬರೆದಿರುವ ಟ್ಯೂಬ್ ತಗೊಳ್ಳಿ. ಬಾತ್‌ರೂಮಿಗೆ ಹಾಕುವ, ಬೂಸ್ಟು ಹಿಡಿಯದ ಬಗೆ ಖಂಡಿತ ಬೇಡ, ಅದರಲ್ಲಿರುವ ಔಷಧಿ ಮೀನಿಗೆ ಒಳ್ಳೆಯದಲ್ಲ. ಟ್ಯಾಂಕ್ ಪೂರ್ತಿ ಖಾಲಿಯಾಗಿ ಒಣಗಿರಬೇಕು. ಸಿಲಿಕಾನ್ ಹಚ್ಚಿ, ಪಟ್ಟಿ ನಿಲ್ಲಿಸಿ, ಟೇಪ್ ಹಾಕಿ ಎರಡು ದಿನ ಮುಟ್ಟಬೇಡಿ. ವಿನೆಗರ್ ವಾಸನೆ ಪೂರ್ತಿ ಹೋದ ಮೇಲೆ ನೀರು. ಒಂದು ಸಮಾಧಾನ: ಈ ಬೆಸುಗೆ ಹನಿ ಸೋರದ ಹಾಗೆ ಇರಬೇಕಾಗಿಲ್ಲ, ಎರಡೂ ಕಡೆ ಇರುವುದು ಅದೇ ನೀರು ತಾನೇ. ಆದರೆ ಎರಡೂ ಪಟ್ಟಿಗಳ ಮೇಲಂಚು ಒಂದೇ ಮಟ್ಟದಲ್ಲಿ ಇರಲೇಬೇಕು. ಎರಡು ಮಿ.ಮೀ. ವ್ಯತ್ಯಾಸ ಇದ್ದರೂ ಹೆಚ್ಚಿನ ನೀರು ತಗ್ಗಾದ ಕಡೆಯಿಂದಲೇ ಬೀಳುತ್ತದೆ. ಮೇಸ್ತ್ರಿಯ ರಸಮಟ್ಟ ಸಿಕ್ಕರೆ ಅಂಚಿನ ಮೇಲೂ, ಟ್ಯಾಂಕಿನ ಸ್ಟ್ಯಾಂಡಿನ ಮೇಲೂ ಇಟ್ಟು ನೋಡಿ.

ಮೀನು ಒಳಗೆ ಬೀಳದಿರಲು ಅಂಚಿಗೆ ಹಲ್ಲುಗಳು ಬೇಕು. ಅಕ್ರಿಲಿಕ್ ಶೀಟಿನಲ್ಲಿ ಕೊಯ್ಯುವವರಿದ್ದಾರೆ. ನಾನು ಹಾಕಿದ್ದು ಪ್ಲಾಸ್ಟಿಕ್ ಬಾಚಣಿಗೆ. ದಪ್ಪ ಹಲ್ಲಿನದು, ಹೇನು ತೆಗೆಯುವುದಲ್ಲ, ಅದು ಒಂದೇ ದಿನಕ್ಕೆ ಕಟ್ಟಿಕೊಳ್ಳುತ್ತದೆ. ಬಾಚಣಿಗೆಯ ಬೆನ್ನು ಗಾಜಿನ ಅಂಚಿಗಿಂತ ಕೆಳಗೆ, ಹಲ್ಲು ಮೇಲಕ್ಕೆ ಬರುವ ಹಾಗೆ ಬಾಕ್ಸಿನ ಒಳಮಗ್ಗುಲಿಗೆ ಅಂಟಿಸಿ. ಪ್ಲಾಸ್ಟಿಕ್ಕಿಗೆ ಸಿಲಿಕಾನ್ ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ, ಬಾಚಣಿಗೆಗೆ ಅಷ್ಟು ಸಾಕು. ಗಪ್ಪಿ ಮರಿಗಳು ಆ ಸಂದಿಯಲ್ಲೂ ನುಸುಳುತ್ತವೆ. ಮರಿ ಉಳಿಯಬೇಕೆಂದರೆ ಹಲ್ಲಿನ ಹೊರಗೆ ನೈಲಾನ್ ಸೊಳ್ಳೆಪರದೆಯ ತುಂಡು ಕಟ್ಟಿ, ವಾರಕ್ಕೊಮ್ಮೆ ತೊಳೆಯಿರಿ.

ಪಂಪ್ ದೊಡ್ಡದಾದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ನಿಮ್ಮ ಟ್ಯಾಂಕ್ ಹೆಚ್ಚೆಂದರೆ 54 ಲೀಟರ್. ಗಂಟೆಗೆ 300 ಲೀಟರ್ ಎತ್ತುವ ಪಂಪ್ ಸಾಕು. ಅಂಚಿನ ಮೇಲೆ ಹರಿಯುವ ನೀರು ತೆಳುವಾಗಿದ್ದಷ್ಟೂ ಅದರಲ್ಲಿ ಕೆನೆಯ ಪಾಲು ಜಾಸ್ತಿ. ಪಂಪ್ ದೊಡ್ಡದಾದರೆ ನೀರು ದಪ್ಪವಾಗಿ ಬೀಳುತ್ತದೆ, ಸದ್ದು ಮಾಡುತ್ತದೆ, ಬಾಕ್ಸ್ ಬೇಗ ಬರಿದಾಗುತ್ತದೆ.

ಬರಿದಾಗುವ ಈ ವಿಷಯವನ್ನೇ ಹೆಚ್ಚಿನವರು ಮರೆಯುವುದು. ನೀರು ಆವಿಯಾದಾಗ ಟ್ಯಾಂಕಿನ ಮಟ್ಟ ಇಳಿಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಕೋಡಿ ಕಟ್ಟಿದ ಮೇಲೆ ಹಾಗಾಗುವುದಿಲ್ಲ. ಟ್ಯಾಂಕಿನ ಮಟ್ಟ ಕೋಡಿಯ ಎತ್ತರಕ್ಕೇ ನಿಂತಿರುತ್ತದೆ, ನಷ್ಟವೆಲ್ಲ ಬಾಕ್ಸಿನಲ್ಲಿ ಕಾಣುತ್ತದೆ. ಮೊದಲು ಒಂದು ಲೀಟರ್ ಆವಿಯಾದರೆ ಟ್ಯಾಂಕಿನಲ್ಲಿ ಅರ್ಧ ಸೆಂ.ಮೀ. ಕಮ್ಮಿಯಾಗುತ್ತಿತ್ತು, ಗೊತ್ತೂ ಆಗುತ್ತಿರಲಿಲ್ಲ. ಈಗ ಅದೇ ಒಂದು ಲೀಟರಿಗೆ ಬಾಕ್ಸಿನ ನೀರು ಸುಮಾರು 10 ಸೆಂ.ಮೀ. ಕುಸಿಯುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಕೆಳಗಿರುವ ಟ್ಯಾಂಕಿಗೆ ಒಂದು ಲೀಟರ್ ಹೋಗಲು ಬಹಳ ದಿನ ಬೇಡ. ಊರಿಗೆ ಹೋಗಿ ಬರುವಷ್ಟರಲ್ಲಿ ಪಂಪ್ ಒಣಗಿ ಓಡಿ ಸುಟ್ಟಿರುತ್ತದೆ.

ಆ ಕೆಳಮೂಲೆಯ ಕಿಂಡಿ ಇದಕ್ಕೇ. ಮಾಮೂಲಿ ದಿನ ಅದರಿಂದ ಒಂದು ಪಾಲು ನೀರು ಬರುತ್ತದೆ, ಉಳಿದದ್ದು ಮೇಲಿಂದ. ಮೇಲಿನದು ಪೂರ್ತಿ ನಿಂತರೂ 300 ಲೀಟರಿನ ಪಂಪಿಗೆ ಬೇಕಾದ ನೀರನ್ನು ಕಿಂಡಿಯೇ ಒದಗಿಸುತ್ತದೆ. ಬಾಕ್ಸಿನ ಮಟ್ಟ ಸಾಕಷ್ಟು ಕೆಳಗೆ ಹೋಗಿ ಅಲ್ಲೇ ನಿಲ್ಲುತ್ತದೆ, ಪಂಪ್ ಮುಳುಗಿಯೇ ಇರುತ್ತದೆ. ಕೆನೆ ತೆಗೆಯುವ ಕೆಲಸ ನಿಂತಿರುತ್ತದೆ, ಇರಲಿ ಬಿಡಿ. ಕಿಂಡಿಯ ಹೊರಗೆ ಕಲ್ಲು, ಮರಳು ಒತ್ತಿಕೊಳ್ಳದ ಹಾಗೆ, ಅಂಟಿಸುವಾಗ ಸಿಲಿಕಾನ್ ಅದನ್ನು ಮುಚ್ಚದ ಹಾಗೆ ನೋಡಿಕೊಳ್ಳಿ. ಆವಿಯಾದ ಜಾಗಕ್ಕೆ ತುಂಬುವುದು ಆರ್‌ಒ ನೀರಾದರೆ ಒಳ್ಳೆಯದು. ಆವಿಯಾಗುವುದು ಬರೀ ನೀರು, ಲವಣ ಟ್ಯಾಂಕಿನಲ್ಲೇ ಉಳಿಯುತ್ತದೆ. ಅದರ ಮೇಲೆ ದಿನಾ ಬೋರ್‌ವೆಲ್ ನೀರು ಸುರಿದರೆ ಗಡಸುತನ ಏರುತ್ತಲೇ ಹೋಗುತ್ತದೆ.

ಊಟ ಹಾಕುವಾಗ ಪಂಪ್ ಹತ್ತು ನಿಮಿಷ ಆರಿಸಿ. ಇಲ್ಲದಿದ್ದರೆ ತೇಲುವ ಕಾಳು ಮೀನಿನ ಬಾಯಿಗಿಂತ ಮೊದಲು ಕೋಡಿ ಸೇರುತ್ತದೆ. ಮತ್ತೆ ಹಾಕಲು ಮರೆಯಬೇಡಿ, ನಾನು ಎಷ್ಟೋ ಸಲ ಮರೆತಿದ್ದೇನೆ. ನೀರಿಗೆ ಕೈ ಹಾಕುವ ಮುಂಚೆ ಪ್ಲಗ್ ತೆಗೆಯಿರಿ. ಪಂಪಿನ ವೈರ್ ಸಾಕೆಟ್ಟಿಗಿಂತ ಕೆಳಗೆ ಒಂದು ಬಳಸು ಬಂದು ಮೇಲೇರಲಿ, ವೈರಿನ ಮೇಲೆ ಇಳಿಯುವ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಸದ್ದಿನ ಬಗ್ಗೆ ನೀವು ಕೇಳಿಲ್ಲ, ಆದರೆ ಮೊದಲ ರಾತ್ರಿಯೇ ಕೇಳುತ್ತೀರಿ. ಬಾಕ್ಸಿನ ನೀರು ಅಂಚಿಗಿಂತ ಮೂರ್ನಾಲ್ಕು ಸೆಂ.ಮೀ. ಕೆಳಗಿದ್ದರೆ ಸಣ್ಣಗೆ ಜುಳುಜುಳು, ಅಷ್ಟೆ. ಬೀಳುವ ಜಾಗಕ್ಕೆ ಸ್ಪಾಂಜ್ ಓರೆಯಾಗಿ ಇಟ್ಟರೆ ಅದೂ ಇಲ್ಲ. ನಾನು ಬೇಕಂತಲೇ ಸ್ಪಾಂಜನ್ನು ಸ್ವಲ್ಪ ತಗ್ಗಿಸಿ ಇಟ್ಟಿದ್ದೇನೆ. ನೀರು ಆವಿಯಾಗಿ ಬಾಕ್ಸಿನ ಮಟ್ಟ ಇಳಿದಂತೆ ಸದ್ದು ದಪ್ಪವಾಗುತ್ತದೆ. ಪಕ್ಕದ ಕೋಣೆಯಿಂದ ಕೇಳಿದರೂ ಗೊತ್ತಾಗುತ್ತದೆ. ಆಗ ಮನೆಯಲ್ಲಿ ಯಾರಾದರೊಬ್ಬರು ಎದ್ದು ಎರಡು ಚೊಂಬು ನೀರು ಹಾಕಿ ಬರುತ್ತಾರೆ.