ಮನೆ ಹಿಡಿದಿಡುವ ಚೌಕದ ವಾಷರ್

ಬಿರುಗಾಳಿ ಬರುವಾಗ ಕಿಟಕಿ ತೆರೆದಿಟ್ಟರೆ ಒಳಗಿನ ಒತ್ತಡ ಇಳಿದು ಮನೆ ಉಳಿಯುತ್ತದೆ ಎಂಬ ನಂಬಿಕೆ ಅಮೆರಿಕದಲ್ಲಿ ಬಹಳ ಕಾಲ ಇತ್ತು. ಇದು ಶುದ್ಧ ತಪ್ಪು. ಎದುರಿನ ಕಿಟಕಿಯಿಂದ ನುಗ್ಗಿದ ಗಾಳಿ ಛಾವಣಿಯನ್ನು ಒಳಗಿನಿಂದ ದೂಡುತ್ತದೆ. ಮೇಲೆ ಹಾಯುವ ಗಾಳಿ ಅದನ್ನು ಹೀರುತ್ತಲೇ ಇರುತ್ತದೆ. ಒಬ್ಬ ಎತ್ತುತ್ತಿದ್ದಾಗ ಇನ್ನೊಬ್ಬ ಕೈ ಜೋಡಿಸಿದ ಹಾಗಾಯಿತು!

ಗಂಟೆಗೆ 180 ಕಿ.ಮೀ. ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 150 ಕಿಲೋ ತೂಕಕ್ಕೆ ಸಮ. ಹಗುರವಾದ ಮರದ ಛಾವಣಿ ಅಷ್ಟೆಲ್ಲ ತೂಗುವುದಿಲ್ಲ. 1992ರ ಆಗಸ್ಟ್ 24ರಂದು ಆಂಡ್ರ್ಯೂ ಚಂಡಮಾರುತ ದಕ್ಷಿಣ ಫ್ಲೋರಿಡಾಕ್ಕೆ ಬಡಿದಾಗ ಎಷ್ಟೋ ಛಾವಣಿಗಳ ಹಲಗೆ ಕಿತ್ತುಹೋದವು. ಆಮೇಲೆ ನೋಡಿದರೆ, ಕೆಲವು ಕಡೆ ಮೊಳೆಗಳು ಕೆಳಗಿನ ಮರಕ್ಕೆ ತಾಗಿಯೇ ಇರಲಿಲ್ಲ. ಹೊಡೆದವರು ಗುರಿ ತಪ್ಪಿದ್ದರು, ಅಷ್ಟೇ.

ಛಾವಣಿ ಗಟ್ಟಿಯಾಗಿ ನಿಂತರೆ ಎಳೆತ ಗೋಡೆಗೆ ಇಳಿಯುತ್ತದೆ. ಮರದ ಚೌಕಟ್ಟಿಗೆ ಪ್ಲೈವುಡ್ ಹೊಡೆದು ಮಾಡಿದ ಶಿಯರ್ ವಾಲ್‌ಗೆ ಆಗಲೇ ಒಂದು ಕೆಲಸ ಇದೆ: ಮನೆ ಪಕ್ಕಕ್ಕೆ ವಾಲದಂತೆ ತಡೆಯುವುದು. ಈಗ ಅದೇ ಮೊಳೆಗಳು ಮೇಲಿನ ಎಳೆತವನ್ನೂ ತಾಳಬೇಕು. ಒಂದು ಮೊಳೆಗೆ ಪಕ್ಕಕ್ಕೆ 3 ಪಾಲು, ಮೇಲಕ್ಕೆ 4 ಪಾಲು ಬಲ ಬಿದ್ದರೆ ಒಟ್ಟು 5 ಪಾಲು. ಲಂಬಕೋನ ತ್ರಿಭುಜದ ಲೆಕ್ಕ. ಒಂದೊಂದನ್ನೇ ನೋಡಿ ‘ಸಾಕು’ ಅಂದರೆ ಮೋಸ ಹೋಗುತ್ತೀರಿ.

ನನಗೆ ಜಾಸ್ತಿ ಇಷ್ಟ ಇದರ ಕೆಳಗಿನ ಭಾಗ. ಗೋಡೆಯ ಬುಡದಲ್ಲಿ ಒಂದು ಅಡಿಹಲಗೆ ಮಲಗಿರುತ್ತದೆ. ಅದನ್ನು ಕಾಂಕ್ರೀಟಿಗೆ ಬಿಗಿದ ಬೋಲ್ಟ್ ಹಲಗೆಯ ನಡುವೆ ಇದೆ. ಪ್ಲೈವುಡ್ಡಿನ ಮೊಳೆಗಳು ಇರುವುದು ಅಂಚಿನಲ್ಲಿ. ಗಾಳಿ ಎಳೆದಾಗ ಅಂಚು ಮೇಲೇಳುತ್ತದೆ, ನಡು ಏಳುವುದಿಲ್ಲ. ಹಲಗೆ ಅಡ್ಡಡ್ಡ ಬಾಗುತ್ತದೆ. ಮರ ಸೋಲುವುದು ಇಲ್ಲೇ. ಎಳೆಗುಂಟ ಜಗ್ಗಿದರೆ ಗಟ್ಟಿ, ಎಳೆಗೆ ಅಡ್ಡ ಜಗ್ಗಿದರೆ ತೀರಾ ಮೆತ್ತಗೆ. ಕೊಡಲಿಯ ಒಂದೇ ಏಟಿಗೆ ಸೌದೆ ಉದ್ದಕ್ಕೆ ಸೀಳುತ್ತದೆ, ಅಡ್ಡ ಕಡಿಯಲು ಬೆವರು ಹರಿಸಬೇಕು, ಅಲ್ವಾ? ಮರ ಅಂದರೆ ಅಂಟು ಹಾಕಿ ಕಟ್ಟಿದ ಕಡ್ಡಿಗಳ ಕಂತೆ. ಕಡ್ಡಿ ಗಟ್ಟಿ, ಅಂಟು ಸಡಿಲ. ಹಲಗೆ ಉದ್ದಕ್ಕೂ ಸೀಳಿ ಗೋಡೆ ಎದ್ದುಹೋಗುತ್ತದೆ. ಬೋಲ್ಟ್ ಮಾತ್ರ ಕಾಂಕ್ರೀಟಿನಲ್ಲಿ ಅಲ್ಲಾಡದೆ ನಿಂತಿರುತ್ತದೆ. ಸುಮ್ನೆ ದಪ್ಪ ಬೋಲ್ಟ್ ಹಾಕಿ ಏನು ಬಂತು?

ಪರಿಹಾರ ಒಂದು ಚೌಕದ ವಾಷರ್. 3 ಇಂಚು ಉದ್ದ, 3 ಇಂಚು ಅಗಲ, ಸುಮಾರು 6 ಮಿ.ಮೀ. ದಪ್ಪದ ಉಕ್ಕಿನ ಬಿಲ್ಲೆ. ಹಲಗೆಯ ಅಗಲ ಮೂರೂವರೆ ಇಂಚು, ಹಾಗಾಗಿ ನಡುವೆ ಕೂರಿಸಿದರೆ ಅಂಚಿಗೆ ಉಳಿಯುವುದು ಕಾಲು ಇಂಚು. ಪ್ಲೈವುಡ್ ಕಡೆಯ ಅಂಚಿನಿಂದ ಬಿಲ್ಲೆ ಅರ್ಧ ಇಂಚಿನೊಳಗೆ ಇರಬೇಕೆಂಬುದು ಅಮೆರಿಕದ ನಿಯಮ. ಅಂಚನ್ನೇ ಅದುಮಿ ಹಿಡಿದರೆ ಹಲಗೆ ಬಾಗಲು ಜಾಗವೇ ಇಲ್ಲ. ಐದೂವರೆ ಇಂಚಿನ ಹಲಗೆಯಾದರೆ ಈ ಲೆಕ್ಕ ಕೈಕೊಡುತ್ತದೆ. ಆಗ ಬೋಲ್ಟನ್ನೇ ಪ್ಲೈವುಡ್ ಕಡೆಗೆ ಸರಿಸಿ ಕೂರಿಸಬೇಕು. ಆದರೆ ಕಾಂಕ್ರೀಟ್ ಸುರಿಯುವ ಗಡಿಬಿಡಿಯಲ್ಲಿ ಬೋಲ್ಟ್ ಹೇಳಿದ ಜಾಗದಲ್ಲಿ ನಿಲ್ಲುವುದು ಕಮ್ಮಿ. ಅದಕ್ಕೇ ಕೆಲವು ವಾಷರ್‌ಗಳಲ್ಲಿ ದುಂಡು ತೂತಿನ ಬದಲು ಓರೆಯಾದ ಉದ್ದ ಸೀಳು ಇರುತ್ತದೆ, ಬೋಲ್ಟ್ ಎಲ್ಲಿದ್ದರೂ ಬಿಲ್ಲೆಯನ್ನು ಅಂಚಿನತ್ತ ಜರುಗಿಸಲಿಕ್ಕೆ.